ಇವತ್ತಿಗಿ ಏನೂ ಇಲ್ಲ

ಕಲಬುರಗಿಯ ಗಾಜಿಪುರದ ಆಟೋ ಸ್ಟ್ಯಾಂಡಿನ ಕಡೆ ಮೇಡಂ ಬರುವುದು ಕಂಡರೆ ಸಾಕು, ನಾಲ್ಕೈದು ಜನ ಚಾಲಕರು ಒಮ್ಮೆಲೇ ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದರು. ಹೊಸಬರು ನೋಡಿದರೆ ಇದೆಂಥ ಅವಮಾನ ಅಂದುಕೊಳ್ಳಬೇಕು. ಅದು ಗೌರವ. ಅವರ ಕೈಚೀಲದಿಂದ ಪೆನ್ನಿನಷ್ಟು ಉದ್ದದ ಟಾರ್ಚು ಹೊರಬರುವುದರೊಳಗೆ ದವಡೆಯ ಸಂದಿಯಲ್ಲಿದ್ದ ಅಡಿಕೆ-ತಂಬಾಕಿನ ಮಾವಾ ನೆಲ ಕಂಡಿರಬೇಕಿತ್ತು. ಬೇರೆಯವರಿಗೆ ಕೈ ಮುಗಿಯುವ ಜನ ಇವರಿಗೆ ಬಾಯಿ ತೆರೆಯುತ್ತಿದ್ದರು. ಮೇಡಂ ಎರಡೂ ಗಲ್ಲದ ಒಳಮೈ, ನಾಲಿಗೆಯ ಅಡಿ, ಮೇಲಿನ ಅಂಗುಳ ಎಲ್ಲ ನೋಡಿ, "ಇವತ್ತಿಗಿ ಏನೂ ಇಲ್ಲ. ಮತ್ತ ತೋರಸು" ಎಂದು ಹೇಳಿ ಆಟೋ ಹತ್ತುತ್ತಿದ್ದರು. ಎಲ್ಲಿಗೆ ಹೋಗಬೇಕು ಎಂಬ ಮಾತು ಆಮೇಲೆ.

ಹೋದ ತಿಂಗಳು ಅವರು ತೀರಿಕೊಂಡರು. ಹೃದಯ ನಿಂತಿತು ಅಂದರು. ಜೀವಮಾನವಿಡೀ ಕಂಡವರ ಬಾಯಲ್ಲಿ ಇಣುಕಿದವರು ತಮ್ಮ ಎದೆಯನ್ನು ಯಾವ ಡಾಕ್ಟರಿಗೂ ತೋರಿಸಿರಲಿಲ್ಲವಂತೆ. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇದನ್ನು ಬರೆಯಲು ಕೂತವಳು ಆಗಲೇ ಎದ್ದು ಅಂಗಳ ಸುತ್ತಿ ಬಂದಿದ್ದೇನೆ.

ನಾನು ಅವರ ಕೈಕೆಳಗೆ ಬಹಳ ವರ್ಷ ದುಡಿದವಳು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಬಾಯಿಯ ಕ್ಯಾನ್ಸರ್ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾಕೆ ಎಂದು ಅಧ್ಯಯನ ಮಾಡುವ ಡಾಕ್ಟರೊಬ್ಬರಿಗೆ ಹಳ್ಳಿಗಳಲ್ಲಿ ಮನೆಮನೆ ತಿರುಗಿ ಪ್ರಶ್ನೆ ಕೇಳುವವರು ಬೇಕಾಗಿದ್ದಾರೆಂದು ಗೊತ್ತಾಗಿ ಹೋದೆ. ಮೇಡಂ ನನ್ನ ಸರ್ಟಿಫಿಕೇಟು ನೋಡಲಿಲ್ಲ, ಚಪ್ಪಲಿ ನೋಡಿದರು. "ಇವು ನಡಿಯೂ ಚಪ್ಪಲಿ ಅಲ್ಲ. ಬ್ಯಾರೆ ತಗೊಂಡು ನಾಳಿಂದ ಬಾ" ಅಂದರು. ನನ್ನ ಸಂದರ್ಶನ ಅಲ್ಲಿಗೆ ಮುಗಿಯಿತು.

ನನಗೆ ಕೂತು ಮಾಡುವ ಕೆಲಸವೆಂದರೆ ಪ್ರಾಣ. ಅವರಿಗೂ ಕುರ್ಚಿಗೂ ಎಣ್ಣೆ ಸೀಗೆಕಾಯಿ. ಅವರ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು, ಎರಡರ ಮೇಲೂ ಗಾಜಿನ ಸ್ಲೈಡುಗಳ ಪೆಟ್ಟಿಗೆಗಳು ಕೂತಿರುತ್ತಿದ್ದವು. ಸೂಕ್ಷ್ಮದರ್ಶಕವನ್ನು ಎತ್ತರದ ಮೇಜಿನ ಮೇಲಿಟ್ಟು ನಿಂತೇ ನೋಡುತ್ತಿದ್ದರು. ಚಹಾವನ್ನು ಸಾಸರಿಗೆ ಸುರಿದು, ಅತ್ತಿಂದಿತ್ತ ಓಡಾಡುತ್ತ ಕುಡಿಯುತ್ತಿದ್ದರು, ಅರ್ಧ ನೆಲದ ಪಾಲು. ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಹೊಡೆಯುತ್ತಿದ್ದರೂ ಕಂಬಿ ಹಿಡಿದು ನಿಂತಿರುತ್ತಿದ್ದರು. ನಾನು ಮುಜುಗರಪಟ್ಟು, "ಕೂಡ್ರಿ ಮೇಡಂ" ಅಂದರೆ, "ನೀ ಕೂಡು. ನಂದೂ ಸೇರಿ ಕೂಡು" ಅನ್ನುತ್ತಿದ್ದರು. ಇಳಿಯುವುದರೊಳಗೆ ಕಂಡಕ್ಟರನ ಬಾಯಿ ನೋಡಿ ಆಗಿರುತ್ತಿತ್ತು. ಮದುವೆಗೆ ಕರೆದವರೂ ಪಾರಾಗುತ್ತಿರಲಿಲ್ಲ. ಒಮ್ಮೆ ಅಕ್ಷತೆ ಹಾಕಲು ಹೋದವರು ಮದುಮಗನ ಹಲ್ಲಿನ ಕೆಂಪು ಕಂಡು, ಫೋಟೋದವನನ್ನು ಪಕ್ಕಕ್ಕೆ ಸರಿಸಿ, ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ್ದರು. ಆ ಫೋಟೋ ಆ ಮನೆಯ ಆಲ್ಬಮ್ಮಿನಲ್ಲಿ ಈಗಲೂ ಇದೆ.

ಅವರ ಮನಸ್ಸೂ ಕಾಲಿನ ಹಾಗೆಯೇ. ಒಂದು ಪ್ರಶ್ನೆ ಅವರನ್ನು ಕೂರಲು ಬಿಡುತ್ತಿರಲಿಲ್ಲ. "ಯಾಕ ಈಕಿಗಿ? ಯಾಕ ಆಕಿಗಿಲ್ಲ?" ಆಸ್ಪತ್ರೆಯ ಕಾರಿಡಾರಿನಲ್ಲಿ, ಬಸ್ಸಿನಲ್ಲಿ, ಊಟದ ಡಬ್ಬಿ ತೆರೆಯುವಾಗ, ತಮ್ಮಷ್ಟಕ್ಕೆ ತಾವೇ ಗೊಣಗುತ್ತಿದ್ದರು. ಉತ್ತರ ಗೊತ್ತಿದೆ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ನಾನು ವರದಿಯಲ್ಲಿ ಒಬ್ಬ ರೋಗಿಯ ಹೆಸರಿನ ಮುಂದೆ, ತಂಬಾಕಿನಿಂದ ಕ್ಯಾನ್ಸರ್ ಬಂದ ಹೆಣ್ಣುಮಗಳು ಎಂದು ಬರೆದಿದ್ದೆ. ಕಾಗದ ಹರಿಯುವ ಹಾಗೆ ಗೆರೆ ಎಳೆದರು.

"ತಂಬಾಕು ಕ್ಯಾನ್ಸರ್ ತರ್ತದ. ಅದರಾಗ ಎರಡು ಮಾತಿಲ್ಲ. ಆದ್ರ ಈಕಿಗಿ ತಂದದ್ದು ಅದ ಅಂತ ನಿನಗ ಯಾರು ಹೇಳಿದ್ರು? ನೀ ಹೋಗಿ ಆಕಿ ಗಲ್ಲದಾಗ ಕೂತಿದ್ದೇನು?"

"ಅಷ್ಟು ವರ್ಷ ತಿಂದಾಳಲ್ರಿ ಮೇಡಂ."

"ತಿಂದಾಳ. ಬಂದದ. ಎರಡೂ ಖರೆ. ನಡುವಿಂದು ನೀ ಹುಟ್ಟಿಸೀದಿ. ಸಾವಿರ ಮಂದಿ ಬಗ್ಗೆ ಕೇಳು, ಎದಿ ತಟ್ಟಿ ಹೇಳ್ತೀನಿ. ಒಬ್ಬಾಕಿ ಬಗ್ಗೆ ಕೇಳಬ್ಯಾಡ."

ಈ ಮಾತು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಅವರು ಇಲ್ಲದಾಗ ಅವರ ಹಾಗೆಯೇ ಗದ್ದ ಎತ್ತಿ ಅಣಕಿಸುತ್ತಲೂ ಇದ್ದೆವು.

ಹಳ್ಳಿಗಳಿಗೆ ಹೋದ ಹೊಸತರಲ್ಲಿ ನಾವು ಮೂರ್ಖರಾದೆವು. "ತಂಬಾಕು ತಿಂತೀರೇನ್ರಿ?" ಎಂದು ಕೇಳಿದರೆ ಹೆಂಗಸರು ಮುಖ ಸಿಂಡರಿಸಿ, "ಅಯ್ಯ, ಗಂಡಸರ ಚಟ ನಮಗ್ಯಾಕ್ರಿ" ಅನ್ನುತ್ತಿದ್ದರು. ನಾವು ಇಲ್ಲ ಎಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ. ಒಂದು ದಿನ ಮೇಡಂ ಬೆಳಗಿನ ಮೊದಲ ಟೆಂಪೋಕ್ಕೇ ನಮ್ಮನ್ನು ಮಹಾಗಾಂವ ಎಂಬ ಹಳ್ಳಿಗೆ ಹೊರಡಿಸಿದರು. ಹಿತ್ತಲುಗಳಲ್ಲಿ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ತೋರುಬೆರಳಿನಿಂದ ಕಪ್ಪು ಪುಡಿಯೊಂದನ್ನು ಹಲ್ಲಿಗೆ ತಿಕ್ಕುತ್ತಿದ್ದರು. ಮಿಸ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಕುಟ್ಟಿದ ಪುಡಿ. ಅವರ ಲೆಕ್ಕದಲ್ಲಿ ಅದು ತಂಬಾಕು ತಿನ್ನುವುದಲ್ಲ, ಮುಖ ತೊಳೆಯುವುದು. ಮುಂಜಾನೆ ಒಮ್ಮೆ, ರೊಟ್ಟಿ ಬಡಿದ ಮೇಲೆ ಒಮ್ಮೆ, ತಲೆನೋವು ಬಂದರೆ ಒಮ್ಮೆ. ಅಂದಿನಿಂದ ನಮ್ಮ ಪ್ರಶ್ನೆ ಬದಲಾಯಿತು. "ಮುಂಜಾನಿ ಹಲ್ಲು ಯಾತರಲಿಂದ ತಿಕ್ಕೋತೀರಿ?" ಎಂದು ಕೇಳತೊಡಗಿದೆವು. ಮೊದಲು ಮಾಡಿದ ಕೆಲಸವನ್ನೆಲ್ಲ ಮೇಡಂ ಕಸಕ್ಕೆ ಹಾಕಿಸಿದರು. ನನ್ನ ಮೊಣಕಾಲು ಅವತ್ತು ಅತ್ತದ್ದು ನನಗೇ ಗೊತ್ತು.

ಆ ದಿನವೇ ಇನ್ನೊಂದು ನಡೆಯಿತು. ಮೇಡಂ ಒಬ್ಬ ಮುದುಕಿಯ ಡಬ್ಬಿಯಿಂದ ಚಿಟಿಕೆ ಮಿಸ್ರಿ ತೆಗೆದು ತಮ್ಮ ಹಲ್ಲಿಗೇ ತಿಕ್ಕಿಕೊಂಡರು. ಸ್ವಲ್ಪ ಹೊತ್ತಿಗೆ ಮುಖ ಬಿಳಚಿತು, ಹಣೆಯಲ್ಲಿ ಬೆವರು. ಪಕ್ಕದ ಕಟ್ಟೆಯ ಮೇಲೆ ಧೊಪ್ಪನೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮೇಡಮ್ಮೋರಿಗಿ ಏರ್ತು" ಎಂದು ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ತಲೆ ತಿರುಗುವುದು ನಿಂತ ಮೇಲೆ ಮೇಡಂ, "ಈಗ ತಿಳೀತು, ಇದನ್ನ ಬಿಡು ಅಂತ ಹೇಳೂದು ಎಷ್ಟು ಹಗುರ ಅದ ಅಂತ" ಅಂದರು.

ಅದೇ ಮಹಾಗಾಂವದಲ್ಲಿ ಅವರು ತಮ್ಮ ಬದುಕಿನ ದೊಡ್ಡ ತಪ್ಪು ಮಾಡಿದರು.

ಸಂಗಮ್ಮ ಮತ್ತು ಕಸ್ತೂರಿ ಒಂದೇ ಮನೆಗೆ ಬಂದ ಸೊಸೆಯರು. ಸಂಗಮ್ಮ ಅಣ್ಣನ ಹೆಂಡತಿ, ಕಸ್ತೂರಿ ತಮ್ಮನ ಹೆಂಡತಿ. ಕಸ್ತೂರಿ ಗಲ್ಲದಲ್ಲಿ ಹುಣ್ಣು ಇಟ್ಟುಕೊಂಡು ಕಲಬುರಗಿಯ ದವಾಖಾನೆಗೆ ಬಂದಾಗ ಆಗಲೇ ತಡವಾಗಿತ್ತು. ಮೇಡಂ ಆಕೆಯ ಮನೆ ಹುಡುಕಿಕೊಂಡು ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ಅವರ ಪ್ರಶ್ನೆಯೇ. ಒಂದೇ ಹಂಚು, ಒಂದೇ ಡಬ್ಬಿ, ಒಂದೇ ಊಟ, ಹೆಚ್ಚುಕಡಿಮೆ ಒಂದೇ ವಯಸ್ಸು. ಒಬ್ಬಳು ಸಾಯುತ್ತಿದ್ದಾಳೆ, ಇನ್ನೊಬ್ಬಳು ಗಟ್ಟಿ ಧ್ವನಿಯಲ್ಲಿ ಎಮ್ಮೆ ಬೈಯುತ್ತಿದ್ದಾಳೆ. ಮೇಡಂ ಸಂಗಮ್ಮನ ಬಾಯಿ ನೋಡಿದರು. ಎಡಗಲ್ಲದ ಒಳಗೆ ಬಿಳಿಯ ತೇಪೆಯಂಥ ಮಚ್ಚೆ, ಅದರ ನಡುವೆ ಕೆಂಪು. ಇಂಥ ಮಚ್ಚೆಗಳಲ್ಲಿ ಎಷ್ಟೋ ಹಾಗೆಯೇ ಇದ್ದುಬಿಡುತ್ತವೆ, ಕೆಲವು ಮಾತ್ರ ತಿರುಗಿ ಬೀಳುತ್ತವೆ. ಯಾವುದು ತಿರುಗುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಆದರೆ ಕೆಂಪು ಇರುವುದನ್ನು ಬಿಡಬಾರದು, ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಲೇಬೇಕು. ಮೇಡಂ ಹಾಗೆಂದಾಗ ಸಂಗಮ್ಮ, "ಕಸ್ತೂರಿದು ಒಂದು ದಾರಿಗಿ ಹತ್ತಲಿ, ಬರ್ತೀನಿ" ಎಂದು ಒಪ್ಪಿದ್ದಳು.

ಕಸ್ತೂರಿ ತೊಗರಿ ರಾಶಿಯ ಹೊತ್ತಿಗೆ ತೀರಿಕೊಂಡಳು. ಅದಾಗಿ ಕೆಲವು ವಾರಗಳಿಗೆ ಅಂಗನವಾಡಿಯ ಮುಂದೆ ಹೆಂಗಸರ ಸಭೆ ಕರೆದೆವು. ಮೇಡಂ ಚೆನ್ನಾಗಿಯೇ ಶುರು ಮಾಡಿದ್ದರು. ಗಲ್ಲದ ಒಳಚರ್ಮ ದಿನಾ ಸವೆದು ದಿನಾ ಹೊಸದಾಗುತ್ತದೆ, ಮಿಸ್ರಿ ಅದನ್ನು ಸುಡುತ್ತಲೇ ಇದ್ದರೆ ಮೈ ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಬೇಕಾಗುತ್ತದೆ ಎಂದು ಕೌದಿಯ ಉದಾಹರಣೆ ಕೊಟ್ಟರು. "ಹರಿದಲ್ಲೆ ಎಷ್ಟು ಸಲ ತೇಪಿ ಹಚ್ಚತೀರಿ? ಒಂದಿಲ್ಲೊಂದು ಹೊಲಿಗಿ ತಪ್ತದಲ್ಲ?" ಹೆಂಗಸರು ತಲೆದೂಗುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೊಂಟದ ಡಬ್ಬಿ ತೆಗೆದು, ಮಡಿಲಲ್ಲಿದ್ದ ಮೊಮ್ಮಗಳ ಬೆರಳಿಗೆ ಚಿಟಿಕೆ ಪುಡಿ ಹಚ್ಚಿದಳು. ಆ ಮಗುವಿಗೆ ಇನ್ನೂ ಹಾಲುಹಲ್ಲು.

ಮೇಡಂಗೆ ಏನಾಯಿತೋ. ಅಜ್ಜಿಯ ಕೈಯಿಂದ ಡಬ್ಬಿ ಕಸಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

"ಕಸ್ತೂರಿನ್ನ ಕೊಂದದ್ದು ಇದ. ಈ ಡಬ್ಬಿ. ಕಣ್ಣಾರೆ ನೋಡೀರಿ, ಇನ್ನೂ ಬುದ್ಧಿ ಬರಲಿಲ್ಲ ನಿಮಗ?"

ಹಿಂದಿನಿಂದ ಸಂಗಮ್ಮ ಎದ್ದು, ಸೆರಗು ಸರಿ ಮಾಡಿಕೊಂಡು, ಯಾರನ್ನೂ ನೋಡದೆ ಹೊರಟುಹೋದಳು. ನಾವು ದುಃಖ ಅಂದುಕೊಂಡೆವು. ಅವತ್ತು ಬಹಳ ಹೆಂಗಸರು ಡಬ್ಬಿ ತಂದು ನಮ್ಮ ಚೀಲಕ್ಕೆ ಹಾಕಿದರು. ವಾಪಸು ಬರುವಾಗ ನಾನು ಖುಷಿಯಲ್ಲಿದ್ದೆ.

ಮುಂದಿನ ಸಲ ಹೋದಾಗ ಸಂಗಮ್ಮ ಹಿತ್ತಲಲ್ಲಿ ಅಲ್ಲ, ಬೀದಿಗೆ ಮುಖ ಮಾಡಿ ಹೊಸ್ತಿಲ ಮೇಲೆ ಕೂತು ಮಿಸ್ರಿ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಇನ್ನಷ್ಟು ಒತ್ತಿ ತಿಕ್ಕಿದಳು.

"ಸಣ್ಣಾಕಿದ್ದಾಗಿಂದ ತಿಕ್ಕಾಕತ್ತೀನಿ. ನಂಗೇನಾಗ್ಯದ, ನೋಡ್ರಿ."

"ಬಾಯಿ ತೆರಿ, ನೋಡ್ತೀನಿ" ಅಂದರು ಮೇಡಂ.

ಆಕೆ ತುಟಿ ಬಿಗಿದಳು. ಆಮೇಲೆ ತೆರೆಯಲಿಲ್ಲ. ಓಣಿಯಲ್ಲಿ ಯಾರಿಗೆ ಮಿಸ್ರಿ ಬಿಡಿ ಅಂದರೂ, "ಸಂಗಮ್ಮಗೇನಾಗ್ಯದ?" ಎಂಬ ಉತ್ತರ ಸಿದ್ಧವಿರುತ್ತಿತ್ತು. ಸಂಗಮ್ಮನ ಗಲ್ಲದೊಳಗೆ ಏನಾಗಿದೆ ಎಂದು ನಮಗೆ ಮಾತ್ರ ಗೊತ್ತಿತ್ತು, ರೋಗಿಯ ಗುಟ್ಟನ್ನು ಊರಿಗೆ ಹೇಳುವ ಹಾಗಿರಲಿಲ್ಲ. ಆ ಕೆಂಪು ಯಾವ ದಿನ ತಿರುಗಿ ಬೀಳುತ್ತದೋ ಎಂಬುದು ಮೇಡಂಗೂ ಗೊತ್ತಿರಲಿಲ್ಲ. ಅವರನ್ನು ತಿಂದದ್ದು ಅದು.

ಬೆನ್ನಟ್ಟುವುದು ಶುರುವಾಯಿತು. ಸಂಗಮ್ಮ ನಂದೂರಿನ ದಾಲ್ ಮಿಲ್ಲೊಂದರಲ್ಲಿ ಬೇಳೆ ಹಸನು ಮಾಡುವ ಕೆಲಸಕ್ಕೆ ಸೇರಿದಳು. ಮೇಡಂ ಅಲ್ಲಿಗೂ ಹೋದರು. ಬಿಸಿಲಲ್ಲಿ, ತೊಗರಿ ಹೊಟ್ಟಿನ ಧೂಳಲ್ಲಿ, ಮಿಲ್ಲಿನ ಗೇಟಿನ ಮುಂದೆ ಶತಪಥ ಹಾಕುತ್ತಿದ್ದರು. ಸಂಗಮ್ಮ ಹಿಂದಿನ ಗೇಟಿನಿಂದ ಟೆಂಪೋ ಹತ್ತಿ ಹೋಗಿಬಿಡುತ್ತಿದ್ದಳು. ಕಾದದ್ದಕ್ಕೆ ಕೂಲಿ ಎಂಬಂತೆ ವಾಚ್‌ಮನ್ನನ ಬಾಯಿ ನೋಡಿ ವಾಪಸು. ನನಗೆ ರೇಗಿಹೋಯಿತು. ಬೇರೆ ರೋಗಿಗಳಿಲ್ಲವೇ, ಬೇರೆ ಹಳ್ಳಿಗಳಿಲ್ಲವೇ, ಬಾರದವಳ ಹಿಂದೆ ಎಷ್ಟಂತ ಅಲೆಯುವುದು ಎಂದು ಒಂದು ದಿನ ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

"ಆಕಿ ತೆರೆದ ಬಾಯಿ ಮುಚ್ಚಿಸಿದಾಕಿ ನಾನು," ಅಂದರು. "ಯಾಕ ಮುಚ್ಚಿದಳು ಅಂತ ತಿಳಿವಲ್ದು. ನೀ ಹೋಗಿ ಕೇಳು. ನನ್ನ ನೋಡಿದ್ರ ಓಡ್ತಾಳ, ನಿನ್ನ ನೋಡಿದ್ರ ಓಡಂಗಿಲ್ಲ."

ನಾನು ಒಬ್ಬಳೇ ಹೋದೆ. ಊಟದ ಬಿಡುವಿನಲ್ಲಿ ಸಂಗಮ್ಮ ಮಿಲ್ಲಿನ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿದ್ದಳು. ನನಗೂ ಅರ್ಧ ರೊಟ್ಟಿ ಕೊಟ್ಟಳು. ನಾನು ಏನೂ ಕೇಳುವ ಮೊದಲೇ, ಬೇಳೆಯ ಧೂಳು ಮೆತ್ತಿದ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಹೇಳಿದಳು.

"ಕಸ್ತೂರಿ ಲಗ್ನ ಆಗಿ ಬಂದಾಗ ಹಲ್ಲು ಬ್ಯಾನಿ ಅಂತ ಅಳ್ತಿದ್ದಳ್ರಿ. ಅತ್ತಿ ಬೈತಾಳ ಅಂತ ಬಾಯಿಗಿ ಸೆರಗು ತುರುಕ್ಕೊಂಡು ಅಳ್ತಿದ್ದಳು. ನಾನ ಹಂಚಿನ ಮ್ಯಾಲ ಹುರದು, ಕುಟ್ಟಿ, ಆಕಿ ಅಂಗೈಯಾಗ ಹಾಕೀನಿ. ಅಕ್ಕ, ಉರೀತದ ಅಂದ್ಳು. ತಡಿ, ರೂಢಿ ಆಗ್ತದ ಅಂದೆ. ಈಗ ನಿಮ್ಮ ಮೇಡಮ್ಮೋರು ಊರ ಮುಂದ ನಿಂತು ಡಬ್ಬಿ ಕೊಂದದ ಅಂತಾರ. ಡಬ್ಬಿಗಿ ಕೈ ಅವೇನ್ರಿ?"

ಆಕೆ ಬುತ್ತಿಯ ಬಟ್ಟೆಯನ್ನು ಮತ್ತೆ ಗಂಟು ಕಟ್ಟಿದಳು.

"ನಾ ಮಿಸ್ರಿ ಬಿಟ್ಟರ, ದವಾಖಾನಿಗಿ ಬಂದರ, ಹೌದು ಅಂತ ಒಪ್ಪಿದಂಗ ಆಗ್ತದ. ಆಕಿ ಮಕ್ಕಳು ನನ್ನ ಕೈಯಾಗ ಉಣ್ತಾವ್ರಿ. ಹ್ಯಾಂಗ ಒಪ್ಪಲಿ?"

ಸಂಜೆ ಇದನ್ನು ಮೇಡಂಗೆ ಹೇಳಿದೆ. ಅವರು ಓಡಾಡುವುದನ್ನು ನಿಲ್ಲಿಸಿದರು. ಕಿಟಕಿಯ ಸರಳು ಹಿಡಿದರು.

"ನೀವು ಬರದದ್ದೆಲ್ಲ ಹೊಡದು ಹಾಕ್ತಿದ್ದೆ," ಅಂದರು. "ಆ ಮಾತು ನಾನ ಆಡೀನಿ. ಊರ ಮುಂದ. ನೀ ಹೋಗಿ ಕಸ್ತೂರಿ ಗಲ್ಲದಾಗ ಕೂತಿದ್ದೇನು ಅಂತ ನನಗ ಯಾರೂ ಕೇಳಲಿಲ್ಲ ನೋಡು."

ಒಳ್ಳೆಯದಕ್ಕೇ ಹೇಳಿದಿರಲ್ಲ ಅಂದೆ. ಅವರು ಸರ್ರನೆ ನನ್ನ ಕಡೆ ತಿರುಗಿದರು. ಆದರೆ ನನ್ನೊಳಗೆ ಬೇರೆ ಹೆದರಿಕೆ ಎದ್ದಿತ್ತು, ಅದನ್ನೂ ಹೇಳಿದೆ. ಈಗ ಸಂಗಮ್ಮನ ಹತ್ತಿರ ಹೋಗಿ, ಕಸ್ತೂರಿಗೆ ಯಾತರಿಂದ ಬಂತೋ ನನಗೆ ಗೊತ್ತಿಲ್ಲ ಅಂದರೆ, ಮರುದಿನವೇ ಊರೆಲ್ಲ ಹಬ್ಬುತ್ತದೆ. ಡಾಕ್ಟರೇ ಗೊತ್ತಿಲ್ಲ ಅಂದರಂತೆ ಎಂದು, ಬಿಟ್ಟವರೆಲ್ಲ ಮತ್ತೆ ಹಂಚು ಒಲೆಯ ಮೇಲಿಡುತ್ತಾರೆ. ಒಬ್ಬಳ ಸಲುವಾಗಿ ಇಷ್ಟು ಜನರನ್ನು ಕಳೆದುಕೊಳ್ಳುವುದೇ?

"ಗೊತ್ತದ" ಅಂದರು ಮೇಡಂ. "ಅದ ಗೊತ್ತದ ನನಗ."

ಆಮೇಲಿನ ದಿನಗಳಲ್ಲಿ ಅವರ ಹತ್ತಿರ ಕೆಲಸ ಮಾಡುವುದು ಕಷ್ಟವಾಯಿತು. ಸ್ಲೈಡು ನೋಡುತ್ತಿದ್ದವರು ಅರ್ಧಕ್ಕೆ ಬಿಟ್ಟು ಹೊರಗೆ ಹೋಗುತ್ತಿದ್ದರು. ಮಹಾಗಾಂವ ಕ್ರಾಸಿನಲ್ಲಿ ಇಳಿದು, ಊರೊಳಗೆ ಹೋಗದೆ, ಎದುರಿನ ಬಸ್ಸು ಹತ್ತಿ ವಾಪಸು ಬರುತ್ತಿದ್ದರು. ಕೂದಲಿಗೆ ಎಣ್ಣೆಯಿಲ್ಲ, ಊಟದ ಡಬ್ಬಿ ತೆರೆಯದೆ ಮನೆಗೆ ಹೋಗುತ್ತಿತ್ತು. ನಮ್ಮ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದರು. ನಾನು ಕೆಲಸ ಬಿಡುವ ವಿಚಾರ ಮಾಡಿದ್ದೂ ಆಗಲೇ.

ಒಂದು ಬೆಳಿಗ್ಗೆ, "ನಡಿ" ಅಂದರು. ಸಂಗಮ್ಮ ತವರುಮನೆಗೆ, ಕಮಲಾಪುರಕ್ಕೆ ಹೋಗಿದ್ದಾಳೆಂದು ಮಿಲ್ಲಿನಲ್ಲಿ ಕೇಳಿಕೊಂಡು ಬಂದಿದ್ದರು. ಆಕೆಯ ಅಣ್ಣನದು ಬಾಳೆಯ ತೋಟ, ಕಮಲಾಪುರದ ಕೆಂಪು ಬಾಳೆ. ಸಂಗಮ್ಮ ಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದಳು. ನಮ್ಮನ್ನು ಕಂಡು ಹಿಂದೆ ಮುಂದೆ ನೋಡಿದಳು. ಅಲ್ಲಿ ಹಿಂದಿನ ಗೇಟು ಇರಲಿಲ್ಲ.

ಮೇಡಂ ಟಾರ್ಚು ತೆಗೆಯಲಿಲ್ಲ. ಒದ್ದೆ ಮಣ್ಣಿನ ಬದುವಿನ ಮೇಲೆ, ಬಿಳಿ ಸೀರೆಯ ಪರಿವೆ ಇಲ್ಲದೆ, ಕೂತರು. ಸಂಗಮ್ಮ ನಿಂತೇ ಇದ್ದಳು.

"ಸಂಗಮ್ಮ, ನಾ ಬ್ಯಾರೆ ಏನೂ ಕೇಳಾಕ ಬಂದಿಲ್ಲ. ಅವತ್ತು ನಾ ಹೇಳಿದ್ದು ತಪ್ಪು. ಕಸ್ತೂರಿಗಿ ಯಾತರಲಿಂದ ಬಂತು ಅಂತ ನನಗ ಗೊತ್ತಿಲ್ಲ. ಯಾವ ಡಾಕ್ಟರಗೂ ಗೊತ್ತಾಗಂಗಿಲ್ಲ. ಗೊತ್ತಿದ್ದಂಗ ಮಂದಿ ಮುಂದ ಹೇಳ್ದೆ."

ಸಂಗಮ್ಮ ಕೈಯಲ್ಲಿದ್ದ ಒಣ ಎಲೆಯನ್ನು ಸೀಳತೊಡಗಿದಳು. ಸಣ್ಣಸಣ್ಣ ಎಳೆಗಳಾಗುವವರೆಗೂ ಸೀಳಿದಳು.

"ಹಂಗಾರ ಮಿಸ್ರಿಲಿಂದ ಅಲ್ಲ ಅಂತೀರಿ?"

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಇದಕ್ಕೆ ಹೆದರಿದ್ದೆ. ಅಲ್ಲ ಎಂದುಬಿಟ್ಟರೆ ಆಕೆಗೆ ಆ ಕ್ಷಣವೇ ಸಮಾಧಾನ ಸಿಗುತ್ತಿತ್ತು. ಒಂದು ಸುಳ್ಳು ಹೇಳಿ ಬಾಯಿ ತೆರೆಸಿಬಿಡಿ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಅಲ್ಲ ಅಂತ ಹೇಳಾಕ ಬರಂಗಿಲ್ಲ," ಅಂದರು ಮೇಡಂ. "ಆಗಿರಬಹುದು. ಆಗದೇನೂ ಇರಬಹುದು. ಮಿಸ್ರಿ ಕೆಟ್ಟದ್ದು, ಅದು ಮಾತ್ರ ಖರೆ. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡಿದ್ರ, ನಾಳಿ ನೀ ನನ್ನ ಯಾವ ಮಾತು ನಂಬ್ತಿ? ನೀ ಕೊಟ್ಟದ್ದು ಆಕಿ ಬ್ಯಾನಿ ಕಮ್ಮಿ ಆಗಲಿ ಅಂತ. ಅದು ನನಗ ಗೊತ್ತದ. ಕಸ್ತೂರಿಗೂ ಗೊತ್ತಿತ್ತು."

ಮೇಡಂ ಎದ್ದೇಳಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅವರ ಪಾಲಿಗೆ ಎಂಥ ಶಿಕ್ಷೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅವರ ಪಾದದ ಬೆರಳುಗಳು ಮಣ್ಣನ್ನು ಕೆದಕುತ್ತಿದ್ದವು.

ಕೊನೆಗೆ ಸಂಗಮ್ಮ ಬದುವಿನ ಮೇಲೆ, ಅವರಿಂದ ಸ್ವಲ್ಪ ದೂರ, ಕುಕ್ಕರುಗಾಲಲ್ಲಿ ಕೂತಳು.

"ಬ್ಯಾನಿ ಕಮ್ಮಿ ಆಗಿತ್ರಿ ಆಕಿದು," ಅಂದಳು. "ಅವತ್ತು ಮಲಗಿದ್ದಳು."

ಆಮೇಲೆ ಬೆಳಕಿನ ಕಡೆ ಮುಖ ತಿರುಗಿಸಿ ಬಾಯಿ ತೆರೆದಳು.

ತುಣುಕು ತೆಗೆದು ನೋಡಿದಾಗ ಜೀವಕೋಶಗಳು ದಾರಿ ತಪ್ಪಲು ಶುರುಮಾಡಿದ್ದವು, ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಮಚ್ಚೆಯನ್ನು ಪೂರ್ತಿ ತೆಗೆದರು. ಸಂಗಮ್ಮ ಹೇಳಿದ ದಿನ ಹೇಳಿದ ಹಾಗೆ ತೋರಿಸಲು ಬರುತ್ತಿದ್ದಳು. ಮಿಸ್ರಿ ಬಿಟ್ಟೆ ಅಂದಳು. ಮೇಡಂ ನಂಬಲಿಲ್ಲ, ಆಕೆಯ ತೋರುಬೆರಳು ಹಿಡಿದು ಮೂಸಿ ನೋಡಿದರು. ಬಿಟ್ಟಿದ್ದಳು. ಪ್ರತಿ ಸಲವೂ ಸಂಗಮ್ಮ, "ಪೂರಾ ಆರಾಮ ಆಯ್ತಲ್ರಿ?" ಎಂದು ಕೇಳುವಳು. ಪ್ರತಿ ಸಲವೂ ಮೇಡಂ, "ಇವತ್ತಿಗಿ ಏನೂ ಇಲ್ಲ. ಮತ್ತ ಬಾ" ಅನ್ನುವರು. ಒಂದು ಒಳ್ಳೆಯ ಮಾತು ಹೇಳಿದರೆ ಇವರ ಗಂಟೇನು ಹೋಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಹೆದರಿದ್ದೂ ಆಯಿತು. ಡಾಕ್ಟರಿಗೇ ಗೊತ್ತಿಲ್ಲವಂತೆ ಎಂಬ ಮಾತು ಕಮಲಾಪುರದಿಂದ ಮಹಾಗಾಂವಕ್ಕೆ ನಮಗಿಂತ ಮೊದಲು ತಲುಪಿತು. ಡಬ್ಬಿ ಕೊಟ್ಟಿದ್ದ ಹೆಂಗಸರಲ್ಲಿ ಎಷ್ಟೋ ಜನ ಹೊಸ ಡಬ್ಬಿ ತಂದರು. ಮೇಡಂ ಮತ್ತೆ ಮನೆಮನೆ ತಿರುಗಿದರು. ಕೆಲವರು ಕೇಳಿದರು, ಕೆಲವರು ಬಾಗಿಲು ಹಾಕಿದರು. ಅಧ್ಯಯನ ಮುಗಿದು, ಅವರು ನಿವೃತ್ತರಾದ ಮೇಲೂ, ಯಾರೂ ಕಳಿಸದಿದ್ದರೂ, ಟೆಂಪೋ ಹಿಡಿದು ಹೋಗುತ್ತಿದ್ದರು. ನಾನು ಅಷ್ಟರಲ್ಲಿ ಒಂದು ಕಚೇರಿ ಸೇರಿದ್ದೆ, ನನ್ನ ಆಸೆಯಂತೆ ಕೂತು ಮಾಡುವ ಕೆಲಸ. ಒಮ್ಮೆ ದಾರಿಯಲ್ಲಿ ಸಿಕ್ಕವರು ನನ್ನ ಬಾಯಿ ನೋಡಿ ಮುಗಿಸಿ, "ಒಂದು ಬಾಯಿ ತೆರೆಸಾಕ ಹೋಗಿ ಎಷ್ಟು ಬಾಯಿ ಕೆಡಿಸಿದೆನೋ ಏನೋ" ಅಂದರು. ನನ್ನ ಉತ್ತರಕ್ಕೂ ಕಾಯದೆ ರಸ್ತೆ ದಾಟಿಬಿಟ್ಟರು. ಸಂಗಮ್ಮನ ವಿಷಯದಲ್ಲಿ ಅವರು ಮಾಡಿದ್ದು ಸರಿಯೇ ಎಂದು ಅವರಿಗೆ ಕೊನೆಯವರೆಗೂ ಖಾತ್ರಿಯಾಗಲಿಲ್ಲ. ನನಗೆ ಇವತ್ತಿಗೂ ಆಗಿಲ್ಲ.

ತೀರಿಕೊಂಡ ಮೂರನೆಯ ದಿನ ಗಾಜಿಪುರದ ಮನೆಯಲ್ಲಿ ಅವರ ಫೋಟೋ ಇಟ್ಟಿದ್ದರು. ಫೋಟೋದಲ್ಲೂ ನಿಂತೇ ಇದ್ದರು. ಡಾಕ್ಟರುಗಳು, ಪ್ರೊಫೆಸರುಗಳು, ಆಟೋದವರು, ಎಲ್ಲರೂ ಹೂ ಹಾಕಿ ಕೈ ಮುಗಿದು ಬದಿಗೆ ಸರಿಯುತ್ತಿದ್ದರು. ಹೊರಗೆ ಟೆಂಪೋ ನಿಂತಿತು. ಮಹಾಗಾಂವದ ಹೆಂಗಸರ ಗುಂಪೊಂದು ಇಳಿಯಿತು, ಮುಂದೆ ಸಂಗಮ್ಮ. ಆಕೆ ಒಳಗೆ ಬಂದು ಫೋಟೋದ ಮುಂದೆ ನಿಂತಳು. ಹೂ ಹಾಕಲಿಲ್ಲ, ಕೈ ಮುಗಿಯಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಂಡು, ಫೋಟೋಕ್ಕೆ ಮುಖ ಮಾಡಿ, ಬಾಯಿ ಅಗಲವಾಗಿ ತೆರೆದಳು.

ಯಾರೂ ನಗಲಿಲ್ಲ. ಗೊತ್ತಿಲ್ಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಆಟೋದವನೊಬ್ಬ ಹೊರಗೆ ಹೋಗಿ ಉಗುಳಿ ಬಂದ. ಸಂಗಮ್ಮ ಹಾಗೆಯೇ ನಿಂತಿದ್ದಳು, ಕಣ್ಣೀರು ತೆರೆದ ಬಾಯಿಯ ಪಕ್ಕದಿಂದ ಇಳಿಯುತ್ತಿತ್ತು. ಆಮೇಲೆ, ಬಾಯಿ ಮುಚ್ಚದೆಯೇ, ನನ್ನ ಕಡೆ ತಿರುಗಿದಳು.

ನಾನು ಡಾಕ್ಟರಲ್ಲ. ಆದರೆ ಅಷ್ಟು ವರ್ಷ ಅವರ ಭುಜದ ಪಕ್ಕ ನಿಂತು ನೋಡಿದ್ದೇನೆ. ಕೈ ತೊಳೆದು ಬಂದು, ಮೊಬೈಲಿನ ದೀಪ ಹಚ್ಚಿ ನೋಡಿದೆ. ಬಲಗಲ್ಲ, ನಾಲಿಗೆಯ ಅಡಿ, ಅಂಗುಳ. ಎಡಗಲ್ಲದಲ್ಲಿ ಹಳೆಯ ಗಾಯದ ಗೆರೆ, ಮೆತ್ತಗೆ, ಶುಭ್ರವಾಗಿ. ಪೂರಾ ಆರಾಮ ಆಗ್ಯದ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಫೋಟೋ ಪಕ್ಕದಲ್ಲೇ ಇತ್ತು.

"ಇವತ್ತಿಗಿ ಏನೂ ಇಲ್ಲ," ಅಂದೆ. "ಮತ್ತ ಬಾ."

ಸಂಗಮ್ಮ ಬಾಯಿ ಮುಚ್ಚಿದಳು.

"ಎಲ್ಲಿಗಿ ಬರಲ್ರಿ ಇನ್ನ?"

ಆ ಮನೆಯಲ್ಲಿ ಅಷ್ಟು ಜನ ಓದಿದವರಿದ್ದರು, ಯಾರೂ ಬಾಯಿ ಬಿಡಲಿಲ್ಲ. ನನ್ನ ಮೊಣಕಾಲು, ನನ್ನ ಕಚೇರಿ, ನನ್ನ ಕುರ್ಚಿ ಎಲ್ಲ ನೆನಪಾದವು.

"ನೀ ಬರೂದು ಬ್ಯಾಡ. ನಾನ ಬರ್ತೀನಿ ಮಹಾಗಾಂವಕ್ಕ. ಏನಾರ ಕಂಡರ ದವಾಖಾನಿಗಿ ಕರಕೊಂಡು ಹೋಗ್ತೀನಿ."

ಆಕೆ ತಲೆಯಾಡಿಸಿ ಪಕ್ಕಕ್ಕೆ ಸರಿದಳು. ಹಿಂದಿದ್ದ ಹೆಂಗಸು ಮುಂದೆ ಬಂದಳು. ತೋರುಬೆರಳ ತುದಿ ಕಪ್ಪಗಿತ್ತು, ಅದನ್ನು ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ಬಾಯಿ ತೆರೆದಳು. ಆಕೆಯ ಹಿಂದೆ ಉಳಿದವರೂ ತುಟಿ ಒರೆಸಿಕೊಳ್ಳುತ್ತ ಸಾಲಾಗುತ್ತಿದ್ದರು. ಸಾಲು ಬಾಗಿಲು ದಾಟಿದ್ದನ್ನು ನೋಡಿ ಯಾರೋ ನನಗೊಂದು ಕುರ್ಚಿ ತಂದಿಟ್ಟರು. ನಾನು ಬೇಡ ಅಂದೆ.